ಶೇಂಗಾ ಮೆಷಿನ್ನಿನ ಬಾಯಲ್ಲಿ ನಿಂತಾಕೆ

ಆಕೆ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ. ಕಂಡಕ್ಟರ್ ದೇವಸಮುದ್ರದ ಕಡೆಯವನು. ಟಿಕೆಟ್ ಹರಿದು ಕೊಟ್ಟು, ಚಿಲ್ಲರೆ ಇಳಿಯುವಾಗ ಕೊಡುತ್ತೇನೆಂದು ಹೇಳುವ ಧಾಟಿಯಲ್ಲೇ, "ನಿಮ್ ಮಾವನ ಮೆಷಿನ್ನಿಗೆ ಬರ್ತಿತ್ತಲ್ಲ ಸಾರ್, ಆ ಯಮ್ಮ, ಹೋದ ವಾರ ಹೋಗಿಬಿಡ್ತು" ಎಂದ. ಮುಂದಿನ ಸೀಟಿನವರ ಕಡೆ ತಿರುಗಿ "ಯಾರ್ರೀ ಟಿಕೆಟ್" ಎಂದ.

ನಮ್ಮ ಪತ್ರಿಕೆಯ ನಿಧನ ವಾರ್ತೆಯಲ್ಲಿ ಜಾಗ ಸಿಗಬೇಕಾದರೆ ಸತ್ತವರು ಯಾವುದಾದರೂ ಸಂಘದ ಮಾಜಿ ಅಧ್ಯಕ್ಷರಾಗಿರಬೇಕು. ಅದೂ ಆಗದಿದ್ದರೆ ಅಂಥವರ ಮಾವನೋ ಅತ್ತೆಯೋ ಆಗಿರಬೇಕು. ಈಕೆ ಹತ್ತು ಹನ್ನೆರಡು ಹೆಂಗಸರ ಕೂಲಿ ಗುಂಪಿಗೆ ಮುಂದಾಳಾಗಿದ್ದಳು. ಆ ಗುಂಪಿಗೆ ಹೆಸರಿರಲಿಲ್ಲ, ರಬ್ಬರ್ ಸ್ಟಾಂಪ್ ಇರಲಿಲ್ಲ, ಆದ್ದರಿಂದ ಆಕೆ ಮಾಜಿಯೂ ಆಗಲಿಲ್ಲ. ವಾರ್ತೆ ಬರೆಯಲಿಕ್ಕೆ ನನಗೂ ಅವಕಾಶವಾಗಲಿಲ್ಲ. ಈಗ ಬರೆಯುತ್ತಿರುವುದು ವಾರ್ತೆಯಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ಸೋದರಮಾವ ಒಂದು ಟ್ರ್ಯಾಕ್ಟರನ್ನೂ ಅದರ ಹಿಂದೆ ಕಟ್ಟುವ ಶೇಂಗಾ ಮೆಷಿನ್ನನ್ನೂ ಇಟ್ಟುಕೊಂಡು, ಸುಗ್ಗಿಯಲ್ಲಿ ಚಳ್ಳಕೆರೆಯಿಂದ ಆಂಧ್ರದ ಗಡಿಯವರೆಗೆ ಬಾಡಿಗೆಗೆ ಓಡಿಸುತ್ತಿದ್ದರು. ಟ್ರ್ಯಾಕ್ಟರಿನ ಹಿಂದಿನ ಶಾಫ್ಟ್ ತಿರುಗಿದರೆ ಮೆಷಿನ್ನಿನ ಒಳಗಿನ ಹಲ್ಲುಗಳು ತಿರುಗುತ್ತವೆ. ಮೇಲಿನ ಬಾಯಿಗೆ ಒಣಗಿದ ಗಿಡ ತುರುಕಿದರೆ ಒಂದು ಕಡೆ ಕಾಯಿ ಬೀಳುತ್ತದೆ, ಇನ್ನೊಂದು ಕಡೆ ಹೊಟ್ಟು ಹಾರುತ್ತದೆ. ಶಾಫ್ಟಿಗೂ ಮೆಷಿನ್ನಿಗೂ ನಡುವೆ ಬೆರಳುದ್ದದ ಒಂದು ಮೆತ್ತನೆಯ ಕಬ್ಬಿಣದ ಬೋಲ್ಟು. ಒಳಗೆ ಏನಾದರೂ ಸಿಕ್ಕಿಕೊಂಡರೆ ಮೊದಲು ಅದು ಮುರಿಯಬೇಕು, ಗೇರ್‌ಬಾಕ್ಸ್ ಉಳಿಯಬೇಕು. ಅದಕ್ಕೇ ಅದನ್ನು ಸೇಫ್ಟಿ ಬೋಲ್ಟು ಎನ್ನುತ್ತಿದ್ದರು. ಮುರಿಯುವುದೇ ಅದರ ಉದ್ಯೋಗ. ಮಾವನ ಮೆಷಿನ್ನಿನಲ್ಲಿ ಅದು ತನ್ನ ಉದ್ಯೋಗವನ್ನು ಅತಿಯಾದ ನಿಷ್ಠೆಯಿಂದ ನಡೆಸುತ್ತಿತ್ತು. ದಿನಕ್ಕೆ ಎರಡೋ ಮೂರೋ ಸಲ ಟಕ್ ಎಂದು ಶಬ್ದವಾಗಿ ಮೆಷಿನ್ ನಿಲ್ಲುತ್ತಿತ್ತು.

ಮೆಷಿನ್ನಿನ ಬಾಯಲ್ಲಿ ನಿಂತು ಗಿಡ ತುರುಕುವ ಕೆಲಸ ಆಕೆಯದು. ಹಲಗೆಯ ಮೇಲೆ ನಿಲ್ಲಬೇಕು, ಕೆಳಗಿನಿಂದ ಹೆಂಗಸರು ಎತ್ತಿಕೊಟ್ಟ ಗಿಡವನ್ನು ಬಿಡಿಸಿ ಒಳಗೆ ತಳ್ಳಬೇಕು. ಧೂಳು, ಸದ್ದು, ಬಿಸಿಲು. ಹತ್ತುವ ಮುಂಚೆ ಆಕೆ ತನ್ನ ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು, ಆಮೇಲೆ ಸಾಲಿನಲ್ಲಿ ನಿಂತ ಒಬ್ಬೊಬ್ಬಳ ಸೆರಗನ್ನೂ ಹಿಡಿದು ಜಗ್ಗಿ ನೋಡುತ್ತಿದ್ದಳು. ಸಡಿಲವಾಗಿ ಬಂದರೆ ತೆಲುಗಿನಲ್ಲಿ ಬೈಗುಳ. ಬೈಗುಳಕ್ಕೆ ತೆಲುಗು, ಬುದ್ಧಿಮಾತಿಗೆ ಕನ್ನಡ ಎಂದು ಆಕೆ ಭಾಷೆಗಳನ್ನು ಅಚ್ಚುಕಟ್ಟಾಗಿ ಹಂಚಿಕೊಂಡಿದ್ದಳು. ತೆಲುಗು ಬಾರದವರಿಗೂ ಬೈಗುಳ ಅರ್ಥವಾಗುತ್ತಿತ್ತು, ಕನ್ನಡ ಬಂದವರಿಗೂ ಬುದ್ಧಿಮಾತು ನಾಟುತ್ತಿರಲಿಲ್ಲ.

"ದ್ಯಾವ್ರು ಬಾಯಿ ಕೊಟ್ಟೋರ್ಗೆಲ್ಲ ಹೊಟ್ಟೆನೂ ಕೊಟ್ಟವ್ನೆ. ಇದಕ್ಕೆ ಬಾಯಿ ಒಂದೇ ಐತೆ" ಎಂದು ಮೆಷಿನ್ನಿನ ತಗಡನ್ನು ತಟ್ಟುತ್ತಿದ್ದಳು. "ತುಂಬೈತೆ ಸಾಕು ಅನ್ನಲ್ಲ ಇದು."

ಮಾವನನ್ನು ಬೋಲ್ಟಿನ ಚಿಂತೆ ರಾತ್ರಿಯ ಊಟದವರೆಗೂ ಹಿಂಬಾಲಿಸುತ್ತಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡು ಬೆಳಿಗ್ಗೆ ಮನೆಯಿಂದ ಹೊರಟವರು ಸಂಜೆ ಜೇಬಿನಿಂದ ಮುರಿದ ಬೋಲ್ಟಿನ ತುಂಡುಗಳನ್ನು ತೆಗೆದು ಜಗುಲಿಯ ಮೇಲೆ ಸಾಲಾಗಿ ಇಡುತ್ತಿದ್ದರು. "ಪೇಪರ್ನಾಗೆ ಊರ ಉಸಾಬರಿ ಎಲ್ಲಾ ಬರೀತೀಯ. ಇದಕ್ಕೊಂದು ಪರಿಹಾರ ಬರಿಯೋ, ನೋಡಾನ" ಎಂದು ಒಮ್ಮೆ ನನ್ನನ್ನು ಕೆಣಕಿದರು. ಆಗ ನಾನು ಚಳ್ಳಕೆರೆಯಲ್ಲಿ ತಾಲ್ಲೂಕು ವರದಿಗಾರ. ಕೃಷಿ ಪುಟಕ್ಕೆ ಬರಹವೂ ಬೇಕಾಗಿತ್ತು.

ನಾನು ವಿಷಯವನ್ನು ಗಂಭೀರವಾಗಿಯೇ ತೆಗೆದುಕೊಂಡೆ. ಲೇತ್ ಅಂಗಡಿಯವರನ್ನು ಕೇಳಿದೆ, ಮೆಷಿನ್ ಮಾರುವವರನ್ನು ಕೇಳಿದೆ, ಒಬ್ಬ ಕೃಷಿ ಇಂಜಿನಿಯರನ್ನು ಹುಡುಕಿಕೊಂಡು ಹೋದೆ. ಎಲ್ಲರೂ ಹೇಳಿದ್ದರಲ್ಲಿ ಹುರುಳಿತ್ತು. ಟ್ರ್ಯಾಕ್ಟರಿನ ವೇಗ ಏರಿಸಿಟ್ಟುಕೊಂಡು ಒಮ್ಮೆಲೇ ಶಾಫ್ಟ್ ತಿರುಗಿಸಿದರೆ ಬೋಲ್ಟು ಆ ಏಟಿಗೇ ಹೋಗುತ್ತದೆ, ನಿಧಾನದ ವೇಗದಲ್ಲಿ ಶುರುಮಾಡಿ ಆಮೇಲೆ ಏರಿಸಬೇಕು. ಬೋಲ್ಟು ಕೂರುವ ತೂತು ಸವೆದು ಅಗಲವಾಗಿದ್ದರೆ ಅದು ಒಳಗೇ ಕುಣಿದು ಮುರಿಯುತ್ತದೆ. ನಟ್ಟು ಸಡಿಲವಿದ್ದರೂ ಅದೇ ಗತಿ. ಬೋಲ್ಟಿನ ತ್ರೆಡ್ಡು ಇರುವ ಭಾಗ ಎರಡು ತಗಡು ಕೂಡುವ ಜಾಗಕ್ಕೆ ಬರಬಾರದು, ಅಲ್ಲಿ ನುಣುಪಾದ ಭಾಗವೇ ಇರಬೇಕು. ಶಾಫ್ಟ್ ಓರೆಯಾಗಿರಬಾರದು. ಗಿಡ ಹಸಿಯಾಗಿರಬಾರದು, ಬೇರಿನಲ್ಲಿ ಕಲ್ಲು ಮಣ್ಣು ಇರಬಾರದು. ಏನೇ ಆದರೂ ಗಟ್ಟಿ ಉಕ್ಕಿನ ಬೋಲ್ಟು ಹಾಕಲೇಬಾರದು. "ಬೋಲ್ಟು ಮುರಿಯದಂತೆ ನೋಡಿಕೊಳ್ಳುವುದು ಹೇಗೆ?" ಎಂಬ ತಲೆಬರಹದಲ್ಲಿ ಅದು ಅಚ್ಚಾಯಿತು. ಇವತ್ತಿಗೂ ಅದರಲ್ಲಿ ತಿದ್ದಬೇಕಾದ ಸಾಲು ನನಗೆ ಕಾಣುವುದಿಲ್ಲ.

ಮಾವ ಪತ್ರಿಕೆಯನ್ನು ಹೊಲಕ್ಕೇ ಒಯ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಆಕೆ ನನ್ನನ್ನು ಕರೆದಳು.

"ಓದಪ್ಪಾ ಪೇಪರಪ್ಪಾ, ನಮ್ ಬೋಲ್ಟಿನ ಮ್ಯಾಲೆ ಏನ್ ಬರ್ದೀಯ, ಕೇಳಾನ."

ಓದಿದೆ. ಆಕೆ ಮುದ್ದೆ ಮುರಿಯುತ್ತಾ, ಪ್ರತಿ ಕಾರಣಕ್ಕೂ ತಲೆಯಾಡಿಸುತ್ತಾ ಕೇಳಿದಳು. ಮುಗಿದಾಗ ಸುತ್ತಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

"ಯಾಕಕ್ಕ, ಏನಾದ್ರೂ ತಪ್ಪೈತಾ?"

"ಇಲ್ಲಪ್ಪ, ಎಲ್ಲಾ ನಿಜಾನೇ ಐತೆ. ಒಂದೂ ಸುಳ್ಳಿಲ್ಲ."

"ಮತ್ತೆ ಯಾಕೆ ನಗ್ತೀರಿ?"

"ಪೇಪರ್ನಾಗೆ ಎಲ್ಲಾ ಬರಿಯಾಕೆ ಜಾಗ ಎಲ್ಲೈತೆ, ಬಿಡು" ಎಂದಳು. ಹೆಂಗಸರು ಈಗ ಬಾಯಿ ಬಿಟ್ಟೇ ನಕ್ಕರು.

ಮಾವ ನನ್ನ ಬರಹವನ್ನು ಅಕ್ಷರಶಃ ಪಾಲಿಸಿದರು. ಚಳ್ಳಕೆರೆಯ ಲೇತಿನಲ್ಲಿ ತೂತು ಸರಿಮಾಡಿಸಿದರು, ಸರಿಯಾದ ಅಳತೆಯ ಬೋಲ್ಟು ತಂದರು. ಡ್ರೈವರ್ ಖಾದರ್ ಸಾಬನಿಗೆ ವೇಗದ ಬಗ್ಗೆ ಪಾಠ ಹೇಳಿದರು. "ಜೀ ಸಾಹುಕಾರ್" ಎಂದು ಖಾದರ್ ಎಲ್ಲವನ್ನೂ ಒಪ್ಪಿಕೊಂಡ. ಬೆಳಿಗ್ಗೆ ಮೆಷಿನ್ ಶುರುಮಾಡುವಾಗ ಒಮ್ಮೊಮ್ಮೆ ಸುಮ್ಮನೆ ಮುರಿಯುತ್ತಿದ್ದದ್ದು ನಿಂತಿತು. ಹಗಲಿನ ಎರಡು ಮೂರು ಮಾತ್ರ ನಿಲ್ಲಲಿಲ್ಲ.

ನನ್ನ ಬರಹದ ಮಾನದ ಪ್ರಶ್ನೆಯಾದ್ದರಿಂದ ನಾಲ್ಕಾರು ಭಾನುವಾರ ಹೊಲಕ್ಕೆ ಹೋಗಿ ಕೂತೆ. ವರದಿಗಾರನಿಗೆ ಬೇರೇನೂ ಬಾರದಿದ್ದರೂ ಯಾವುದು ಯಾವಾಗ ಆಯಿತು ಎಂದು ನೋಡುವ ಅಭ್ಯಾಸವಿರುತ್ತದೆ. ಕಲ್ಲು ಹೊಲದಲ್ಲೂ ಬೋಲ್ಟು ಮುರಿಯುತ್ತಿತ್ತು, ಮರಳು ಹೊಲದಲ್ಲೂ ಮುರಿಯುತ್ತಿತ್ತು. ಒಣಗಿಡಕ್ಕೂ ಅಷ್ಟೇ, ಹಸಿಗಿಡಕ್ಕೂ ಅಷ್ಟೇ. ಆದರೆ ಎಲ್ಲ ಊರಿನಲ್ಲೂ ಒಂದೇ ಹೊತ್ತಿಗೆ: ಬಿಸಿಲೇರಿದ ಮೇಲೊಮ್ಮೆ, ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಿಗೊಮ್ಮೆ, ಕೆಲವೊಮ್ಮೆ ಇಳಿಹೊತ್ತಿನಲ್ಲಿ. ಆ ಹೊತ್ತಿಗೆ ಸರಿಯಾಗಿ, ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಗಳಿಂದ ಕೂಸುಗಳ ಅಳು ಕೇಳುತ್ತಿತ್ತು. ಗುಂಪಿನಲ್ಲಿ ಯಾವಾಗಲೂ ಎರಡು ಮೂರು ಹಸಿ ಬಾಣಂತಿಯರು ಇರುತ್ತಿದ್ದರು.

ಒಂದು ಭಾನುವಾರ ಕಂಡೆ. ಕೂಸು ಅತ್ತಿತು. ಆಕೆ ಕೆಳಗಿನವಳಿಗೆ ಕಣ್ಣಲ್ಲೇ ಏನೋ ಹೇಳಿದಳು. ಬಣವೆಯ ಅಡಿಯಿಂದ, ನೆಲದ ತೇವ ಕುಡಿದು ಮೆತ್ತಗಾದ ಒಂದು ಹಿಡಿ ಬಳ್ಳಿ ಮೇಲೆ ಬಂತು. ಆಕೆ ಅದನ್ನು ತಲೆಯ ಮೇಲೆ ಕೊಡ ಹೊರುವಾಗ ಇಡುವ ಸಿಂಬಿಯ ಹಾಗೆ ದುಂಡಗೆ ಹೊಸೆದು, ಬಿಗಿದು, ಮೆಷಿನ್ನಿನ ಬಾಯೊಳಗೆ ಬಿಟ್ಟಳು. ಮೆಷಿನ್ ಒಮ್ಮೆ ಕೆಮ್ಮಿತು. ಟಕ್. ಬಾಣಂತಿಯರು ಆಗಲೇ ಮರದ ಕಡೆ ಅರ್ಧ ದಾರಿಯಲ್ಲಿದ್ದರು.

"ಮುರೀತಾ?" ಎಂದು ದೂರದಿಂದ ಮಾವ ಕೂಗಿದರು.

"ಮುರೀತ್ರೀ ಸಾವ್ಕಾರ್ರೆ! ಹಾಳಾದ್ದು ಏನ್ ಬೋಲ್ಟೋ!" ಎಂದು ಆಕೆ ಅವರಿಗಿಂತ ಹೆಚ್ಚು ಬೇಸರದಿಂದ ಕೂಗಿದಳು.

ಮುರಿದ ತುಂಡನ್ನು ತೂತಿನಿಂದ ಹೊಡೆದು ತೆಗೆದು ಹೊಸದನ್ನು ಹಾಕುವುದು ದೊಡ್ಡ ಕೆಲಸವಲ್ಲ. ಆದರೆ ಖಾದರ್ ಮೊದಲು ಪಾನಾ ಹುಡುಕುತ್ತಿದ್ದ, ಅದು ಅವನ ಕೈಯಲ್ಲೇ ಇದ್ದರೂ. ಒಂದು ಬೀಡಿ ಮುಗಿಯುವವರೆಗೆ ಸುತ್ತಿಗೆ ಸಿಗುತ್ತಿರಲಿಲ್ಲ. ಯಾವ ಒಪ್ಪಂದವೂ ಅವರಿಬ್ಬರ ನಡುವೆ ಆಗಿರಲಿಲ್ಲವೆಂದು ಆಮೇಲೆ ಅವನು ನನಗೆ ಹೇಳಿದ. "ನಾನು ಅವಳ್ನ ಕೇಳಿಲ್ಲ, ಅವಳು ನನ್ಗೆ ಹೇಳಿಲ್ಲ. ಮಗು ಹಾಲು ಕುಡಿಯೋವಾಗ ಗಡಿಬಿಡಿ ಮಾಡಬಾರ್ದು ಸಾಬ್, ಅಷ್ಟೇ."

ಲೆಕ್ಕ ಹೀಗಿತ್ತು: ಹೊಲದ ಯಜಮಾನ ಮಾವನಿಗೆ ಕೊಡುವ ಬಾಡಿಗೆ ಗಂಟೆಗಿಷ್ಟು. ಹೆಂಗಸರಿಗೆ ದಿನಗೂಲಿ. ಮೆಷಿನ್ ತಿರುಗುತ್ತಿರುವಷ್ಟು ಹೊತ್ತು ಹೊಲದ ಯಜಮಾನನ ಕಣ್ಣು ಗಡಿಯಾರದ ಮೇಲೆ, ಆಗ ಯಾರೂ ಕೆಳಗಿಳಿಯುವಂತಿಲ್ಲ. ಬೋಲ್ಟು ಮುರಿದರೆ ಗಂಟೆಯ ಲೆಕ್ಕ ನಿಲ್ಲುತ್ತದೆ. ಯಜಮಾನನಿಗೆ ನಷ್ಟವಿಲ್ಲ, ಬೈಯಲಿಕ್ಕೆ ಯಾರೂ ಇಲ್ಲ.

"ಬಾಯಿಬಿಟ್ಟು ಕೇಳಬಹುದಲ್ಲಕ್ಕಾ?" ಎಂದೆ ಅವತ್ತು.

ಆಕೆ ನನ್ನನ್ನು ಕನಿಕರದಿಂದ ನೋಡಿದಳು. "ಕೇಳಿದ್ರೆ ಇಲ್ಲ ಅಂತಾರೆ. ಇಲ್ಲ ಅಂದ್ಮ್ಯಾಲೂ ನಿಂತ್ರೆ ಸೊಕ್ಕು ಅಂತಾರೆ. ನಾಳೆ ಬ್ಯಾರೆ ಊರಿನ ಆಳು ಕರೀತಾರೆ. ಬೋಲ್ಟು ಮುರಿದ್ರೆ ಯಾರಿಗೂ ಸೊಕ್ಕಿಲ್ಲ ನೋಡು." ಆಮೇಲೆ ಬೆರಳೆತ್ತಿ, "ಇದನ್ನ ಪೇಪರ್ನಾಗೆ ಹಾಕ್ಬ್ಯಾಡ ಮತ್ತೆ" ಎಂದಳು.

ಹಾಕಲಿಲ್ಲ. ಸುದ್ದಿಯ ಮೂಲವನ್ನು ಕಾಯುವುದು ನಮ್ಮ ವೃತ್ತಿಯ ಧರ್ಮ. ಅಲ್ಲದೆ ಪ್ರಕಟವಾದ ನನ್ನ ಬರಹದಲ್ಲಿ ಮುಖ್ಯ ಕಾರಣವೇ ಇಲ್ಲವೆಂದು ನಾನೇ ಇನ್ನೊಂದು ಬರಹ ಬರೆಯುವುದು ಯಾವ ಸಂಪಾದಕನಿಗೂ ಹಿಡಿಸುವ ವಿಷಯವಲ್ಲ.

ಮರುವರ್ಷ ಮಾವನ ತಾಳ್ಮೆ ಮುಗಿಯಿತು. ನನ್ನ ಬರಹದಲ್ಲಿ ಹೇಳಿದ್ದನ್ನೆಲ್ಲ ಮಾಡಿ ನೋಡಿದ್ದ ಅವರು, ಈಗ ಅದರ ಕೊನೆಯ ಸಾಲಿನಲ್ಲಿ ಬೇಡವೆಂದದ್ದನ್ನೇ ಮಾಡಿದರು. ಹಳೇ ಲಾರಿಯ ಆಕ್ಸಲ್ ಉಕ್ಕನ್ನು ಲೇತಿನಲ್ಲಿ ಕಡೆಸಿ ಬೋಲ್ಟು ಮಾಡಿಸಿದರು. ಅದಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದು ಹಾಕಿಸಿದರು. "ಇದು ಮುರಿದ್ರೆ ನನ್ ಮೀಸೆ ಬೋಳಿಸ್ತೀನಿ" ಎಂದರು. ಮೀಸೆ ಉಳಿಯಿತು. ಬೋಲ್ಟು ಮುರಿಯಲಿಲ್ಲ.

ಆ ದಿನ ನಾನೂ ಇದ್ದೆ. ಬಿಸಿಲೇರಿತು, ಕೂಸು ಅತ್ತಿತು, ಸಿಂಬಿ ಒಳಗೆ ಹೋಯಿತು. ಮೆಷಿನ್ ಅದನ್ನು ನುಂಗಿ ತೇಗಿತು. ಇನ್ನೂ ದಪ್ಪನೆಯದು ಹೋಯಿತು. ಅದನ್ನೂ ನುಂಗಿತು. ಕೆಳಗೆ ಗಿಡ ಎತ್ತಿಕೊಡುತ್ತಿದ್ದ ಬಾಣಂತಿಯೊಬ್ಬಳ ಕುಪ್ಪಸದ ಎದೆ ಒದ್ದೆಯಾಗಿತ್ತು. ಅವಳು ತಲೆಯೆತ್ತದೆ ಕೆಲಸ ಮಾಡುತ್ತಿದ್ದಳು. ಮರದ ಕೆಳಗಿನ ಅಳು ನಿಂತು ನಿಂತು ಬರತೊಡಗಿತ್ತು. ಆಕೆ ಒಮ್ಮೆ ಮರದ ಕಡೆ ನೋಡಿದಳು, ಒಮ್ಮೆ ಗಡಿಯಾರ ಹಿಡಿದು ಬದುವಿನ ಮೇಲೆ ಕೂತ ಯಜಮಾನನ ಕಡೆ ನೋಡಿದಳು. ಮೂರನೆಯ ಸಿಂಬಿಯೊಳಗೆ ಒಂದು ಜಾಲಿಯ ಬೊಡ್ಡೆ ಇತ್ತು.

ಈ ಸಲ ಟಕ್ ಎನ್ನಲಿಲ್ಲ. ಬಂಡೆ ಸೀಳಿದ ಹಾಗೆ ಸದ್ದಾಗಿ, ಗೇರ್‌ಬಾಕ್ಸಿನ ಹೊಟ್ಟೆ ಬಿರಿದು, ಕರಿ ಎಣ್ಣೆ ಶೇಂಗಾದ ರಾಶಿಯ ಮೇಲೆ ಸುರಿಯಿತು. ಬಾಣಂತಿ ಮರದ ಕಡೆ ಓಡಿದಳು. ಉಳಿದವರು ಎಣ್ಣೆಯನ್ನು ನೋಡುತ್ತಾ ನಿಂತರು. ಉಕ್ಕಿನ ಬೋಲ್ಟು ಮಾತ್ರ ಗೀರೂ ಬೀಳದೆ ಹೊಳೆಯುತ್ತಿತ್ತು.

ಮಾವ ಬೈದದ್ದು ಲೇತಿನವನನ್ನು, ಗೇರ್‌ಬಾಕ್ಸ್ ಮಾಡಿದ ಕಂಪನಿಯನ್ನು, ಕೊನೆಗೆ ಪತ್ರಿಕೆಗಳನ್ನು. ಆಕೆಯನ್ನು ಬೈಯಲಿಲ್ಲ. ಆಕೆಯನ್ನು ಬೈದದ್ದು ಆಕೆಯ ಗುಂಪು. ಸುಗ್ಗಿ ಇನ್ನೂ ಅರ್ಧ ಉಳಿದಿತ್ತು, ಮೆಷಿನ್ ರಿಪೇರಿಗೆ ಹೋಯಿತು, ಬೇರೆ ಮೆಷಿನ್ನುಗಳಿಗೆ ಬೇರೆ ಗುಂಪುಗಳಿದ್ದವು. "ಒಂದು ಕೂಸಿಗೆ ಹಾಲು ಕುಡಿಸಾಕೋಗಿ ಹತ್ತು ಮನೆ ಗಂಜಿ ಚೆಲ್ಲಿದ್ಯಲ್ಲಕ್ಕಾ" ಎಂದು ಒಬ್ಬಳು ದಾರಿಯುದ್ದಕ್ಕೂ ಅಂದಳಂತೆ. ಆಕೆಗೆ ತೆಲುಗು ಬಾಯಿಗೆ ಬರಲಿಲ್ಲವಂತೆ.

ಆ ಚಳಿಗಾಲ ಆಕೆ ಮೊಳಕಾಲ್ಮೂರಿನ ನೇಕಾರರ ಮನೆಯೊಂದಕ್ಕೆ ರೇಷ್ಮೆ ನೂಲು ಸುತ್ತುವ ಕೆಲಸ ಕೇಳಿಕೊಂಡು ಹೋದಳು. ಶೇಂಗಾ ಗಿಡ ಹಿಡಿದು ಹಿಡಿದು ಬಿರಿದ ಕೈಗೆ ಎಳೆ ಸಿಕ್ಕಿಕೊಂಡು ಸಿಕ್ಕಿಕೊಂಡು ಹರಿಯಿತು. ಮನೆಯವರು ಒಳ್ಳೆಯವರು. ಟೀ ಕೊಟ್ಟು, "ನಿನ್ ಕೈಗೆ ಇದು ಆಗಲ್ಲ ಕಣಮ್ಮ" ಎಂದು ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಆಕೆ ನನಗೆ ಇದನ್ನು ದೊಡ್ಡ ತಮಾಷೆಯೆಂಬಂತೆ ಹೇಳಿದಳು. "ಅಲ್ಲೂ ಮುರಿಯೋದೇ ಆತು ನೋಡಪ್ಪ ನನ್ ಹಣೇಬರ."

ಮಾವನಿಗೆ ಸತ್ಯ ಯಾವಾಗ ತಿಳಿಯಿತೋ, ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಮುಂದಿನ ಸುಗ್ಗಿಗೆ ಅವರು ಖಾದರ್ ಕೈಯಲ್ಲಿ ಆಕೆಗೆ ಹೇಳಿಕಳಿಸಿದ್ದು ಇಷ್ಟೇ: "ಮೆತ್ತನ್ ಬೋಲ್ಟೇ ಹಾಕ್ಸೀನಿ, ಬಾ ಅನ್ನು." ಆಕೆ ಗುಂಪು ಕಟ್ಟಿಕೊಂಡು ಬಂದಳು. ಸೆರಗು ಜಗ್ಗಿ ನೋಡುವುದು ಮತ್ತೆ ಶುರುವಾಯಿತು, ಬೈಗುಳವೂ. ಅಲ್ಲಿಂದ ಎಷ್ಟೋ ವರ್ಷ ಇಬ್ಬರೂ ಆ ವಿಷಯ ಎತ್ತದೆ ಬಹಳ ಸೌಹಾರ್ದದಿಂದ ನಡೆದುಕೊಂಡರು. ಬಿಸಿಲೇರಿದ ಮೇಲೂ ಮೆಷಿನ್ ನಿಲ್ಲದಿದ್ದರೆ ಮಾವನೇ ಚಡಪಡಿಸಿ, "ಇವತ್ತೇನೋ ಖಾದರ್, ಇನ್ನೂ ಮುರಿದಿಲ್ಲ?" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಅವರಿಗೂ ಟೀ ಬೇಕಾಗುತ್ತಿತ್ತು.

ಹೀಗೆ ಎಲ್ಲರಿಗೂ ಒಗ್ಗಿದ ಈ ಏರ್ಪಾಡನ್ನು ಕೆಡಿಸಿದ್ದು ಪ್ರಗತಿ. ಎರಡು ಸಾವಿರದ ಇಸವಿ ಕಳೆದ ಮೇಲೆ ಮಾವ ಹೊಸ ಮೆಷಿನ್ ತಂದರು. ಅದರಲ್ಲಿ ಬೋಲ್ಟೇ ಇಲ್ಲ. ಬದಲಿಗೆ ಒಂದು ಕ್ಲಚ್. ಒಳಗೆ ಏನಾದರೂ ಸಿಕ್ಕಿಕೊಂಡರೆ ಅದು ಗರ್ರೆಂದು ಜಾರಿ, ಅಡ್ಡ ಬಂದದ್ದು ಸರಿದ ಕೂಡಲೇ ತಾನೇ ಹಿಡಿದುಕೊಂಡು ತಿರುಗುತ್ತದೆ. ಮುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ ಎಂದು ಕಂಪನಿಯವನು ದೇವಸಮುದ್ರದ ಹತ್ತಿರದ ಹೊಲವೊಂದರಲ್ಲಿ ವಿವರಿಸಿದ. ಮಾವ ಆ ಮಾತನ್ನು ಕೇಳಿಸಿಕೊಂಡಾಗಿನ ಮುಖ ನನಗೆ ನೆನಪಿದೆ. ತನಗೆ ಬೇಕಾಗಿದ್ದದ್ದು ಹತ್ತು ವರ್ಷ ತಡವಾಗಿ ಸಿಕ್ಕವರ ಮುಖ.

ಆಕೆಗೆ ಆಗಲೇ ವಯಸ್ಸಾಗಿತ್ತು, ಆದರೂ ಬಾಯಲ್ಲಿ ನಿಲ್ಲುವುದನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಅವತ್ತು ಮರದ ಜೋಲಿಯಲ್ಲಿ ಇದ್ದದ್ದು ಆಕೆಯ ಸೊಸೆಯ ಕೂಸು. ಅದು ಅತ್ತಾಗ ಆಕೆ ಹೊಸೆದು ಬಿಟ್ಟಳು. ಗರ್ರೆಂದಿತು, ಜಾರಿತು, ಮತ್ತೆ ತಿರುಗಿತು. ಇನ್ನೊಂದು ಬಿಟ್ಟಳು. ಮತ್ತೆ ಹಾಗೇ. ಕಂಪನಿಯವನು ಹಿಗ್ಗಿ, "ನೋಡಿದ್ರಾ ಸಾರ್!" ಎಂದ. ಕೆಳಗೆ ಹೆಂಗಸರು ಕೈಯಲ್ಲಿ ಗಿಡ ಹಿಡಿದುಕೊಂಡು ಆಕೆಯ ಮುಖವನ್ನೇ ನೋಡುತ್ತಿದ್ದರು.

ಆಕೆ ತುರುಕುವುದನ್ನು ನಿಲ್ಲಿಸಿದಳು. ಹಲಗೆಯ ಮೇಲಿನಿಂದಲೇ ಹೊಲದ ಯಜಮಾನನನ್ನು ಕೂಗಿದಳು.

"ಗೌಡ್ರೇ, ಒಂದ್ ಗಳಿಗೆ ನಿಲ್ಲಿಸ್ತೀವ್ರೀ. ಕೂಸಿಗೆ ಹಾಲು ಕುಡಿಸ್ಬೇಕು."

ನನಗೆ ತಿಳಿದಂತೆ ಆಕೆ ಬಾಯಿಬಿಟ್ಟು ಬಿಡುವು ಕೇಳಿದ್ದು ಅದೇ ಮೊದಲು. ಯಜಮಾನನಿಗೆ ಮೊದಲು ಅರ್ಥವೇ ಆಗಲಿಲ್ಲ.

"ನಿಲ್ಲಿಸ್ತೀರಾ? ಮೆಷಿನ್ನಿಗೇನಾಗೈತೆ?"

"ಮೆಷಿನ್ನಿಗೆ ಏನೂ ಆಗಿಲ್ರೀ."

"ಏನೂ ಆಗ್ದಿದ್ರೆ ಯಾಕಮ್ಮ ನಿಲ್ಲಿಸ್ತೀ? ಗಂಟೆ ಓಡ್ತೈತೆ ಇಲ್ಲಿ. ಆಗಲ್ಲ ಅಂದ್ರೆ ಹೇಳು, ಪಕ್ಕದೂರಿನ ಆಳು ಸಂಜೆಗೇ ಬರ್ತಾರೆ."

ಸೊಸೆ ಕೆಳಗಿನಿಂದ "ಬಿಡತ್ತೆ, ಬ್ಯಾಡ" ಎಂದಳು. ಖಾಲಿ ಮೆಷಿನ್ ಸುಮ್ಮನೆ ತಿರುಗುತ್ತಿತ್ತು, ಒಂದು ಕಾಯಿಯೂ ಬೀಳುತ್ತಿರಲಿಲ್ಲ. ಆಕೆಯ ಕೈ ಹಲಗೆಯ ಅಂಚನ್ನು ಹಿಡಿದುಕೊಂಡಿತ್ತು. ಇಳಿದರೆ ಹತ್ತು ಮನೆಯ ಕೂಲಿ, ಇಳಿಯದಿದ್ದರೆ ಆ ಕೂಸು. ಇಷ್ಟು ವರ್ಷ ಆಕೆ ಯಾವುದನ್ನು ತಪ್ಪಿಸಿಕೊಂಡು ಬಂದಿದ್ದಳೋ ಅದು ಎಲ್ಲರೆದುರು ಬಂದು ನಿಂತಿತ್ತು.

ಮಾವ ಎದ್ದರು. ಟ್ರ್ಯಾಕ್ಟರಿನ ಹತ್ತಿರ ಹೋಗಿ ತಾವೇ ಇಂಜಿನ್ ಆರಿಸಿದರು. ಹೊಲ ಒಮ್ಮೆಲೇ ನಿಶ್ಶಬ್ದವಾಯಿತು.

"ಮೆಷಿನ್ನು ಬಿಸಿಯಾಗೈತೆ ಗೌಡ್ರೇ" ಎಂದರು ಮಾವ, ಬಾನೆಟ್ಟಿನ ಮೇಲೆ ಕೈಯಿಟ್ಟು. "ಹೊಸದು ನೋಡ್ರಿ, ಸ್ವಲ್ಪ ಆರ್ಬೇಕು. ಈ ಹೊತ್ತು ಲೆಕ್ಕಕ್ಕಿಲ್ಲ."

ಯಜಮಾನ ತಲೆಯಾಡಿಸಿದ. ವಿಷಯ ಅಲ್ಲಿಗೆ ಎಲ್ಲರಿಗೂ ಅನುಕೂಲವಾಗಿ ಮುಗಿದಿತ್ತು. ಆಕೆ ಹಲಗೆಯಿಂದ ಇಳಿದು, ಸೊಂಟದ ಸೆರಗು ಬಿಚ್ಚಿ ಮುಖದ ಧೂಳು ಒರೆಸಿಕೊಂಡಳು.

"ಬಿಸಿಯಾಗಿಲ್ರೀ ಸಾವ್ಕಾರ್ರೆ" ಎಂದಳು. ಧ್ವನಿ ಏರಿಸಲಿಲ್ಲ. "ಸುಳ್ಳು ಸಾಕು. ಕೂಸು ಹಸ್ದೈತೆ, ಅದಕ್ಕೆ ನಿಂತೀವಿ. ಗೌಡ್ರೇ, ನಾಳೆಗೆ ಬ್ಯಾರೆ ಆಳು ಬೇಕಿದ್ರೆ ಈಗ್ಲೇ ಹೇಳ್ಬಿಡ್ರಿ, ಬಸ್ಸಿಗೆ ಹೊತ್ತೈತೆ."

ಯಜಮಾನ ಮಾವನ ಮುಖ ನೋಡಿದ. ಮಾವ ಬಾನೆಟ್ಟಿನ ಮೇಲಿನ ಕೈ ತೆಗೆದರು. ಯಜಮಾನ ಗಡಿಯಾರ ನೋಡಿಕೊಂಡ, ಬೇರೆ ಆಳಿನ ಮಾತು ಮತ್ತೆ ಎತ್ತಲಿಲ್ಲ. ಅವನು ನೋಡಿ ಮುಗಿಸುವವರೆಗೆ ಆಕೆ ನಿಂತೇ ಕಾದಳು. ಆಮೇಲೆ ಸೊಸೆಯನ್ನು ಕರೆದುಕೊಂಡು ಕೂಸಿದ್ದ ಮರದ ನೆರಳಿಗೆ ಹೋಗಿ ಕೂತಳು.